ತೊಟ್ಟಿಯ ಬಿಸಿಗೆ ಹೆದರುತ್ತಿದ್ದವರು

ಷೆಡ್ಡಿನ ಒಳಗೆ ಕಾಲಿಡುವ ಮೊದಲು ಅವರು ಬಾಗಿಲಲ್ಲಿ ನಿಂತು ಕಿವಿಗೊಡುತ್ತಿದ್ದರು. ದಿನಾ ಹಾಗೆಯೇ. ಚಪ್ಪಲಿ ಹೊರಗೆ ಬಿಟ್ಟು, ರಬ್ಬರ್ ಬೂಟು ಹಾಕಿಕೊಂಡು, ಕತ್ತನ್ನು ಎಡಕ್ಕೆ ವಾಲಿಸಿ, ತೊಟ್ಟಿಯ ಸದ್ದನ್ನು ಪೂರ್ತಿ ಕೇಳಿಸಿಕೊಂಡ ಮೇಲೆಯೇ ಒಳಗೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಅದನ್ನು ನೋಡಿ, ದೇವರನ್ನು ನೆನೆಯುತ್ತಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅವರು ಹೆದರಿಕೊಂಡು ನಿಲ್ಲುತ್ತಿದ್ದರು.

ಅವರು ತೀರಿಕೊಂಡರೆಂದು ಹೋದ ತಿಂಗಳು ಯಾರೋ ಫೋನಿಗೆ ಸುದ್ದಿ ಹಾಕಿದ್ದರು. ನಾನು ಮಳವಳ್ಳಿಯ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಮಾಡಿಸುತ್ತಿದ್ದೆ. ಫೋನನ್ನು ಮಗುಚಿಟ್ಟು ಮಕ್ಕಳಿಗೆ ಎಲ್ಲ ಬರ್ನರು ಆರಿಸಿ ಅಂದೆ. ಯಾಕೆಂದು ಅವರೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ತೀರಿಕೊಂಡವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪೇಪರಿನಲ್ಲಿ ಹೆಸರು ಬರುತ್ತದೆಂದರೂ ಅವರಿಗೆ ಭಯವಿತ್ತು.

ನಾವಿದ್ದ ಜಾಗ ಮದ್ದೂರಿನಿಂದ ಮಳವಳ್ಳಿ ಕಡೆಗೆ ಬರುವ ರಸ್ತೆಯ ಪಕ್ಕದಲ್ಲಿ, ಹಿಂದೆ ಆಲೆಮನೆ ಇದ್ದ ಜಾಗದಲ್ಲಿ ಎಬ್ಬಿಸಿದ ತಗಡಿನ ಷೆಡ್ಡು. ಕೊಳಚೆ ನೀರನ್ನು ಶುದ್ಧ ಮಾಡುವ ಫೆರೇಟ್ ಎಂಬ ಕಬ್ಬಿಣದ ಸಂಯುಕ್ತವನ್ನು ಅಲ್ಲಿ ಕರೆಂಟಿನಿಂದ ತಯಾರಿಸುತ್ತಿದ್ದರು. ಉಸ್ತುವಾರಿ ಅವರದು, ಸಹಾಯಕ್ಕೆ ನಾನು. ಗಟ್ಟಿ ಕಾಸ್ಟಿಕ್ ಸೋಡಾ ದ್ರಾವಣ ತುಂಬಿದ ಮುಚ್ಚಳದ ತೊಟ್ಟಿ, ಅದರೊಳಗೆ ಕಬ್ಬಿಣದ ತಗಡುಗಳು, ಪಕ್ಕದಲ್ಲೇ ಕರೆಂಟು ಕೊಡುವ ರೆಕ್ಟಿಫೈಯರ್ ಪೆಟ್ಟಿಗೆ. ಕರೆಂಟು ಹರಿದರೆ ಕಬ್ಬಿಣ ಕರಗುತ್ತಾ ದ್ರಾವಣ ನೇರಳೆ ಹಣ್ಣಿನ ರಸದ ಬಣ್ಣಕ್ಕೆ ತಿರುಗುತ್ತಿತ್ತು. ಮೊದಲ ಸಲ ಆ ಬಣ್ಣ ನೋಡಿದಾಗ ನಾನು ಬೆರಗಾಗಿ ನಿಂತುಬಿಟ್ಟಿದ್ದೆ. ಅವರು ಅದನ್ನು ನೋಡಲೇ ಇಲ್ಲ. ಥರ್ಮಾಮೀಟರ್ ನೋಡುತ್ತಿದ್ದರು.

ಒಂದಲ್ಲ, ಎರಡು ಥರ್ಮಾಮೀಟರ್. ಒಂದು ಸುಳ್ಳು ಹೇಳಿದರೆ ಎಂದು ಇನ್ನೊಂದು. ಎರಡೂ ಸರಿಯಾಗಿ ತೋರಿಸಿದರೂ ಸಾಲದೆ, ಅಂಗೈ ಮಗುಚಿ ಬೆರಳಿನ ಗೆಣ್ಣುಗಳನ್ನು ತೊಟ್ಟಿಯ ಹೊರಮೈಗೆ ತಾಗಿಸುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಮೂವತ್ತೈದು ಡಿಗ್ರಿಯ ಆಚೀಚೆ ಇದ್ದರೆ ಮುಖದಲ್ಲಿ ಸ್ವಲ್ಪ ರಕ್ತ ಆಡುತ್ತಿತ್ತು. ನಲವತ್ತು ದಾಟಿತೆಂದರೆ ಮಾತು ನಿಲ್ಲುತ್ತಿತ್ತು.

ನನಗೆ ಆಗ ಇಪ್ಪತ್ಮೂರು. ಎಂ.ಎಸ್ಸಿ. ಮುಗಿಸಿ ಮಳವಳ್ಳಿಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಓದಿದ್ದೇನೆಂಬ ಜಂಬವೂ ಇತ್ತು. ಒಂದು ದಿನ ಕೇಳಿಯೇಬಿಟ್ಟೆ.

“ಸರ್, ಬಿಸಿ ಜಾಸ್ತಿ ಆದ್ರೆ ಕಬ್ಬಿಣ ಬೇಗ ಕರಗುತ್ತೆ ಅಂತ ಎಲ್ಲಾ ಕಡೆ ಬರೆದಿದ್ದಾರೆ. ನಾವ್ಯಾಕೆ ಇಷ್ಟು ತಣ್ಣಗೆ ಇಟ್ಟಿದ್ದೀವಿ?”

ಅವರು ಸ್ಟೂಲಿನ ಮೇಲೆ ಕೂತು ಬೂಟಿನೊಳಗೆ ಏನಾದರೂ ಇದೆಯಾ ಎಂದು ಕೊಡವುತ್ತಿದ್ದರು.

“ಬರ್ದಿರೋದು ಸುಳ್ಳಲ್ಲ ಕಣಮ್ಮ. ತೀರಾ ತಣ್ಣಗಾದ್ರೆ ತಗಡಿನ ಮೇಲೆ ಪೊರೆ ಕಟ್ಕತದೆ, ಕರೆಂಟು ಕೊಟ್ರೂ ಕರಗಾಕಿಲ್ಲ. ವಸಿ ಬಿಸಿ ಬೇಕು. ಆದ್ರೆ ನಾವು ಕರೆಂಟು ಕೊಡೋದು ಒಂದ್ ಕೆಲ್ಸಕ್ಕೆ. ಬಿಸಿ ಏರ್ತಾ ಏರ್ತಾ ಅದು ಬ್ಯಾರೆ ಕೆಲ್ಸಕ್ಕೆ ಓಯ್ತದೆ. ಕಬ್ಬಿಣ ಕರ್ಗ್ಸೋದ ಬುಟ್ಟು ನೀರ್ನ ಒಡೀತದೆ. ಆಮ್ಲಜನಕ ಏಳ್ತದೆ. ನಾವು ಮಾಡಿದ್ ನೇರಳೆನೂ ತಾನೇ ಒಡ್ದು ತುಕ್ಕಿನ ರಾಡಿ ಆಯ್ತದೆ. ಆವಾಗ್ಲೂ ಅದೇ ಗಾಳಿನೇ ಬುಡೋದು. ಆ ಕಡೆ ತಗಡಿನ ಮೇಲೆ ಜಲಜನಕ ಯಾವಾಗ್ಲೂ ಏಳ್ತಾನೇ ಅದೆ.”

“ಎರಡಕ್ಕೂ ಬೇರೆ ಬೇರೆ ಪೈಪು ಇದೆಯಲ್ಲ ಸರ್. ನಡುವೆ ಪರದೆ ಇದೆ.”

“ಅದೆ. ಬಿಸಿ ಆದಾಗ ನೊರೆ ಬತ್ತದೆ. ನೊರೆಗೆ ಪರದೆ ಗೊತ್ತಿಲ್ಲ.”

ಅಷ್ಟಕ್ಕೆ ಬಿಡಲಿಲ್ಲ. ಮಾರನೆಯ ದಿನ ನನ್ನನ್ನು ಅಂಗಳಕ್ಕೆ ಕರೆದರು. ಎರಡೂ ಗಾಳಿಯನ್ನು ಒಟ್ಟಿಗೆ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಸೀಸೆಯೊಂದರಲ್ಲಿ ತುಂಬಿಕೊಂಡು ಬಂದಿದ್ದರು. ಅದನ್ನು ಇಟ್ಟಿಗೆಯ ಮೇಲೆ ಇಟ್ಟು, ಉದ್ದನೆಯ ಕೋಲಿನ ತುದಿಗೆ ಊದುಬತ್ತಿ ಕಟ್ಟಿ, ದೂರದಿಂದ ಬಾಯಿಗೆ ಹಿಡಿದರು. ಬಂದ ಸದ್ದಿಗೆ ರಸ್ತೆಯ ಆಚೆ ಕಟ್ಟಿದ್ದ ಎಮ್ಮೆ ಹಗ್ಗ ಜಗ್ಗಿತು. ನನ್ನ ಕಿವಿ ಸ್ವಲ್ಪ ಹೊತ್ತು ಗುಂಯ್ ಎನ್ನುತ್ತಿತ್ತು. ಸೀಸೆ ಇದ್ದ ಜಾಗದಲ್ಲಿ ಇರಲಿಲ್ಲ.

“ಇದು ಹೆಬ್ಬೆಟ್ಟು ಗಾತ್ರ,” ಅಂದರು. “ತೊಟ್ಟಿ ಮುಚ್ಚಳದ ಕೆಳ್ಗೆ ಎಷ್ಟು ಜಾಗ ಅದೆ ನೀನೇ ನೋಡ್ಕೋ.”

ಅವರ ಭಯ ತೊಟ್ಟಿಗೆ ಮಾತ್ರ ಸೀಮಿತವಾಗಿರಲಿಲ್ಲ. ತಮ್ಮ ಊರು ಹನಕೆರೆಯಿಂದ ಮದ್ದೂರಿಗೆ ರೈಲಿನಲ್ಲಿ ಬರುತ್ತಿದ್ದವರು, ಎಷ್ಟೇ ಸೆಕೆಯಿದ್ದರೂ ಬೋಗಿಯ ಬಾಗಿಲ ಹತ್ತಿರ ನಿಲ್ಲುತ್ತಿರಲಿಲ್ಲ. ರಸ್ತೆ ದಾಟಲು ನಿಂತರೆ ದೂರದಲ್ಲಿ ಚುಕ್ಕಿಯಂತೆ ಕಾಣುವ ಲಾರಿ ಹತ್ತಿರ ಬಂದು ಹೋಗುವವರೆಗೂ ಕಾಯುತ್ತಿದ್ದರು. ತೊಟ್ಟಿಯ ಕೋಣೆಯ ಹಿಂದೆ ಇನ್ನೊಂದು ಕೋಣೆಯಿತ್ತು. ಅಲ್ಲಿ ಚಿಕ್ಕತಾಯಮ್ಮ ಎಂಬ ಹೆಂಗಸು ಸೋಸುವ ಬಟ್ಟೆಗಳನ್ನು ಒಗೆಯುತ್ತಿದ್ದಳು. ಆ ಕೋಣೆಗೆ ಬೇರೆ ಬಾಗಿಲಿರಲಿಲ್ಲ. ತೊಟ್ಟಿಯ ಪಕ್ಕದಲ್ಲೇ ಹಾದು ಹೊರಗೆ ಬರಬೇಕು. ಹಿಂದಿನ ಗೋಡೆ ಒಡೆದು ಅಲ್ಲೊಂದು ಬಾಗಿಲು ಇಡಿಸಿ ಎಂದು ಅವರು ಮಾಲೀಕರನ್ನು ಕೇಳದ ವಾರವಿರಲಿಲ್ಲ. ಮಾಲೀಕರು ಕೆಟ್ಟವರಲ್ಲ, ಆತುರದವರು. ನಗುತ್ತಾ ನನ್ನ ಕಡೆ ತಿರುಗಿ, “ನಮ್ ಮೇಷ್ಟ್ರು ಮಹಾ ಪುಕ್ಕಲು ಕಣಮ್ಮ,” ಅನ್ನುತ್ತಿದ್ದರು. ಮೇಷ್ಟ್ರು ಅನ್ನಿಸಿಕೊಂಡ ಅವರೂ ನಗುತ್ತಿದ್ದರು. ಚಿಕ್ಕತಾಯಮ್ಮ ಮಾತ್ರ ನಗುತ್ತಿರಲಿಲ್ಲ.

“ಆ ಸಾ ಒಬ್ರೇ ಕಣವ್ವಾ ದಿನಾ ಸಂಜೆ ನಾನು ಈಚೆ ಬಂದ್ನಾ ಅಂತ ನೋಡಿ ಬಾಗ್ಲು ಆಕೋರು,” ಎಂದು ಒಮ್ಮೆ ನನಗೆ ಹೇಳಿದ್ದಳು.

ಅದು ಯುಗಾದಿ ಕಳೆದ ಮೇಲಿನ ಬಿಸಿಲು. ತೊಟ್ಟಿಯ ಸುತ್ತ ತಣ್ಣೀರು ಹರಿಸುವ ಪಂಪಿನ ಮೋಟರು ಸುಟ್ಟುಹೋಯಿತು. ಅವರು ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಮಂಡ್ಯದ ಮೆಕ್ಯಾನಿಕ್ ಹತ್ತಿರ ಹೊರಟರು. ಹೊರಡುವ ಮುಂಚೆ ನನ್ನ ಮುಂದೆ ನಿಂತು ಹೇಳಿದರು.

“ನಾನು ಬರೋಗಂಟ ಕರೆಂಟು ಕೊಡ್ಬೇಡ. ಯಾರೇಳುದ್ರೂ ಕೊಡ್ಬೇಡ.”

ಸರಿ ಅಂದೆ.

ಹನ್ನೊಂದು ಗಂಟೆಗೆ ಮಾಲೀಕರ ಫೋನು ಬಂತು. ಮಾರನೆಯ ಬೆಳಿಗ್ಗೆ ಸ್ಯಾಂಪಲ್ ನೋಡಲು ಯಾರೋ ಬರುವವರಿದ್ದರು. “ಏನಾದ್ರೂ ಮಾಡೋಕಾಗುತ್ತಾ ನೋಡಮ್ಮ,” ಅಂದರು. ಮಾಡು ಎನ್ನಲಿಲ್ಲ. ಈ ಮಾತನ್ನು ನಾನು ಎಷ್ಟೋ ವರ್ಷ ನನ್ನ ಪರವಾಗಿ ತಿರುಗಿಸಿ ನೋಡಿದ್ದೇನೆ. ತಿರುಗುವುದಿಲ್ಲ. ಪಂಪಿಲ್ಲದೆ ತೊಟ್ಟಿ ನಡೆಸಿದರೆ ಏನಾಗುತ್ತದೆಂದು ನೋಡುವ ಆಸೆ ನನ್ನದು. ಹೆದರುವವರೊಬ್ಬರು ನನ್ನನ್ನು ತಡೆದಿಟ್ಟಿದ್ದಾರೆ ಎಂಬ ಸಿಟ್ಟೂ ನನ್ನದೇ. ಸ್ವಿಚ್ಚು ಹಾಕಿದೆ.

ಮೊದಲು ಎಲ್ಲವೂ ಚೆನ್ನಾಗಿತ್ತು. ನಲವತ್ತೈದು ಡಿಗ್ರಿಗೆ ಬರುವ ಹೊತ್ತಿಗೆ ಹಿಂದೆಂದೂ ನೋಡಿರದಷ್ಟು ದಟ್ಟ ನೇರಳೆ ಬಂತು. ನನ್ನಷ್ಟಕ್ಕೆ ನಾನೇ ನಕ್ಕೆ. ಐವತ್ತು ದಾಟಿದ ಮೇಲೆ ತೊಟ್ಟಿಯ ಸದ್ದು ಬದಲಾಯಿತು. ಅಕ್ಕಿ ಕೇರುವಂಥ ಸಣ್ಣ ಸದ್ದು ಹೋಗಿ, ಮುಚ್ಚಿದ ಪಾತ್ರೆಯಲ್ಲಿ ಗಂಜಿ ಕುದಿಯುವ ಸದ್ದು ಬಂತು. ಗಾಜಿನ ಲೋಟದಲ್ಲಿ ಸ್ವಲ್ಪ ತೆಗೆದು ಬೆಳಕಿಗೆ ಹಿಡಿದೆ. ನೋಡುತ್ತಿದ್ದಂತೆಯೇ ಅಂಚಿನಿಂದ ಕಂದು ಬಣ್ಣ ಒಳಕ್ಕೆ ಹಬ್ಬಿತು, ತಳದಲ್ಲಿ ತುಕ್ಕು ಕೂತಿತು. ಕರೆಂಟಿನ ಮುಳ್ಳು ಇದ್ದಲ್ಲೇ ಇತ್ತು. ಕರೆಂಟು ಹರಿಯುತ್ತಿದೆ, ಬಣ್ಣ ಸಾಯುತ್ತಿದೆ. ಅದು ಈಗ ನೀರನ್ನು ಒಡೆಯುತ್ತಿದೆ ಎಂದು ನನಗೆ ಗೊತ್ತಿತ್ತು. ಮುಚ್ಚಳದ ಸಂದಿನಿಂದ ನೊರೆ ಜಿನುಗತೊಡಗಿತ್ತು. ಆದರೂ ನಾನು ಆರಿಸಲಿಲ್ಲ. ಆರಿಸಿದರೆ ತಪ್ಪು ಒಪ್ಪಿಕೊಂಡಂತೆ ಆಗುತ್ತಿತ್ತು. ಬಣ್ಣ ಮತ್ತೆ ಬರಬಹುದು ಎಂದು ಕಾಯುತ್ತಾ ನಿಂತೆ. ಎರಡೂ ಥರ್ಮಾಮೀಟರು ಅರವತ್ತೊಂದು ತೋರಿಸುತ್ತಿದ್ದವು.

ಕೊನೆಗೆ ಸ್ವಿಚ್ಚಿನ ಕಡೆ ಕೈ ಚಾಚಿದ್ದೆ, ಆಗ ಬಾಗಿಲಿಂದ ಅವರ ಧ್ವನಿ ಕೇಳಿಸಿತು. ಮಲಗಿದ ಮಗುವಿನ ಪಕ್ಕದಲ್ಲಿ ಆಡುವಷ್ಟು ಮೆಲ್ಲಗೆ.

“ಸ್ವಿಚ್ಚು ಮುಟ್ಬೇಡ. ಕಿಡಿ ಏಳ್ತದೆ. ಕೈ ಇಳ್ಸು. ಇತ್ತಗೆ ಬಾ. ಓಡ್ಬೇಡ, ನಡ್ಕಂಡು ಬಾ.”

ತೊಟ್ಟಿಯಿಂದ ಬಾಗಿಲಿಗೆ ಹತ್ತು ಹೆಜ್ಜೆ ಇರಬಹುದು. ಆ ಹತ್ತು ಹೆಜ್ಜೆಯಲ್ಲಿ ನನ್ನ ಬೆನ್ನಿಗೆ ಕಣ್ಣು ಬಂದಿತ್ತು. ಹೊರಗೆ ಬಂದೊಡನೆ ನನ್ನ ತೋಳು ಹಿಡಿದು ಬೇವಿನ ಮರದ ಹಿಂದಕ್ಕೆ ತಳ್ಳಿದರು. ಕಾಂಪೌಂಡಿನ ಮೂಲೆಯಲ್ಲಿದ್ದ ಮೀಟರ್ ಬೋರ್ಡಿಗೆ ಹೋಗಿ ಇಡೀ ಷೆಡ್ಡಿನ ಕರೆಂಟು ತೆಗೆದರು. ರೆಕ್ಟಿಫೈಯರಿನ ಗುಂಯ್ ಸದ್ದು ನಿಂತಿತು. ತೊಟ್ಟಿಯ ಕುದಿತ ನಿಲ್ಲಲಿಲ್ಲ. ಬಿಸಿಗೆ ಒಡೆಯಲು ಶುರುವಾದದ್ದು ಕರೆಂಟಿಲ್ಲದೆಯೂ ಒಡೆಯುತ್ತಿತ್ತು.

ಅವರು ನನ್ನ ಮುಖ ನೋಡಿದರು.

“ಚಿಕ್ಕತಾಯಮ್ಮ ಎಲ್ಲಿ?”

ನಾನು ಅವಳನ್ನು ಮರೆತು ಹೊರಗೆ ಬಂದಿದ್ದೆ. ಅವಳು ಹಿಂದಿನ ಕೋಣೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ತಗಡಿನ ಗೋಡೆಯ ಆಚೆ ಕಲ್ಲಿಗೆ ಬಟ್ಟೆ ಬಡಿಯುವ ಸದ್ದು ಕೇಳಿಸುತ್ತಿತ್ತು.

ಅವರ ತುಟಿ ಬೆಳ್ಳಗಾದದ್ದನ್ನು ನಾನು ನೋಡಿದೆ. “ಅಯ್ಯೋ ನಮ್ಮಪ್ಪಾ,” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಮಂಡ್ಯದಿಂದ ತಂದ ಚೀಲ ಇನ್ನೂ ಹೆಗಲಲ್ಲಿತ್ತು. ಅದನ್ನು ನಿಧಾನವಾಗಿ ಮಣ್ಣಿನ ಮೇಲೆ ಇಟ್ಟು, ಕಾಲಲ್ಲಿದ್ದ ಚಪ್ಪಲಿಯಲ್ಲೇ ಒಳಗೆ ಹೋದರು. ಗೋಡೆಗೆ ಅಂಟಿಕೊಂಡು, ತೊಟ್ಟಿಯ ಕಡೆ ಮುಖ ಮಾಡಿ, ಅಡ್ಡಡ್ಡ ಹೆಜ್ಜೆ ಇಡುತ್ತಾ ಹೋದದ್ದು ಕಾಣಿಸಿತು. ಆಮೇಲೆ ಕಾಣಿಸಲಿಲ್ಲ. ಬಟ್ಟೆ ಬಡಿಯುವ ಸದ್ದು ನಿಂತಿತು.

ಎಷ್ಟು ಹೊತ್ತಾಯಿತೋ ಹೇಳಲಾರೆ. ಮರದ ತೊಗಟೆಗೆ ಉಗುರು ಊರಿ ನಿಂತಿದ್ದೆ. ಮೊದಲು ಚಿಕ್ಕತಾಯಮ್ಮ ಬಂದಳು, ಒದ್ದೆ ಸೀರೆಯಲ್ಲಿ, ಗೊಣಗುತ್ತಾ.

“ಏನ್ಸಾ ಇದು, ಅರ್ಧ ಬಟ್ಟೆ ಅಂಗೇ ನೆಂದವೆ.”

“ನಡಿ ನಡಿ,” ಎಂದು ಅವಳ ಹಿಂದೆ ಅವರು. ಅವಳನ್ನು ಹೊಸಿಲು ದಾಟಿಸಿ ತಾವು ಒಂದು ಕಾಲು ಆಚೆ ಇಟ್ಟಿದ್ದರು ಅಷ್ಟೆ.

ಯಾವ ಕಿಡಿಯಿಂದ ಹೊತ್ತಿತೋ ಇವತ್ತಿಗೂ ಗೊತ್ತಿಲ್ಲ. ಮುಚ್ಚಳ ಎಗರಿ ಮೇಲಿನ ತಗಡಿಗೆ ಬಡಿಯಿತು. ಕುದಿಯುವ ಕಾಸ್ಟಿಕ್ ಬಾಗಿಲವರೆಗೂ ಚಿಮ್ಮಿತು. ಚಿಕ್ಕತಾಯಮ್ಮ ಮುಗ್ಗರಿಸಿ ಬಿದ್ದಳು, ಅವಳಿಗೆ ಏನೂ ಆಗಲಿಲ್ಲ. ಸದ್ದಿಗೆ ಹಿಂತಿರುಗಿ ನೋಡಿದ ಅವರ ಎಡಗಣ್ಣಿಗೆ, ಕನ್ನಡಕದ ಪಕ್ಕದಿಂದ ಬಿತ್ತು.

“ನೀರು,” ಅಂದರು. ಕೂಗಲಿಲ್ಲ. ಅಂಗಳದ ಡ್ರಮ್ಮಿನ ಹತ್ತಿರ ತಾವೇ ತಡವರಿಸಿಕೊಂಡು ಹೋಗಿ ಕೂತರು. ಬೆರಳಿನಿಂದ ರೆಪ್ಪೆ ಬಿಡಿಸಿಕೊಂಡು, “ಉಯ್ಯಿ. ನಾನು ಸಾಕು ಅನ್ನೋಗಂಟ ನಿಲ್ಲುಸ್ಬೇಡ,” ಅಂದರು. ನಾನು ಚೊಂಬಿನಿಂದ ಹೊಯ್ಯುತ್ತಿದ್ದೆ, ಚಿಕ್ಕತಾಯಮ್ಮ ಬಿಂದಿಗೆ ತುಂಬಿ ತುಂಬಿ ಕೊಡುತ್ತಿದ್ದಳು. ಸಾಕು ಎಂದು ಅವರು ಹೇಳಲೇ ಇಲ್ಲ. ಮಾಲೀಕರ ಕಾರು ಬಂತು.

ಮರುದಿನ ಮಂಡ್ಯದ ಆಸ್ಪತ್ರೆಗೆ ಹೋದೆ. ಅರ್ಧ ಮುಖಕ್ಕೆ ಪಟ್ಟಿ ಸುತ್ತಿದ್ದರು. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಅದಕ್ಕೆ ಅವಕಾಶ ಕೊಡಲಿಲ್ಲ.

“ಎಷ್ಟಿತ್ತು?”

“ಅರವತ್ತೊಂದು, ಸರ್.”

“ರಿಜಿಸ್ಟರ್ನಾಗೆ ಬರ್ದಾ?”

ಬರೆದಿರಲಿಲ್ಲ. ಗಂಟೆಗೊಮ್ಮೆ ಡಿಗ್ರಿ ಬರೆಯುವ ಆ ಪುಸ್ತಕದಲ್ಲಿ ಅವತ್ತಿನ ಪುಟವನ್ನು ಹಾಗೇ ಬಿಡು ಎಂದು ಮಾಲೀಕರು ಹೇಳಿದ್ದರು.

“ಬರಿ. ಮುಂದೆ ಬರೋರು ನೋಡ್ಬೇಕು, ಎಲ್ಲಿಗಂಟ ಏರುದ್ರೆ ಏನಾಯ್ತದೆ ಅಂತ. ನಿನ್ ಎಸ್ರು ಬ್ಯಾಡ. ಡಿಗ್ರಿ ಬರಿ.”

ಹೋಗಿ ಬರೆದೆ. ಅರವತ್ತೊಂದು. ಬಣ್ಣ ಕಂದು, ನೊರೆ. ಹೆಸರು ಬರೆಯಲಿಲ್ಲ. ಬೇಡ ಎಂದು ಅವರೇ ಹೇಳಿದ್ದರಲ್ಲ ಎಂದುಕೊಂಡೆ. ವಿಚಾರಣೆಗೆ ಬಂದವರು ಯಾರ ಉಸ್ತುವಾರಿ ಎಂದು ಕೇಳಿದಾಗ, ಪಟ್ಟಿ ಕಟ್ಟಿದ ಮುಖದಲ್ಲಿ ಅವರು “ನಂದೇ” ಅಂದರು. ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಕೆಲಸ ಹೋಗುತ್ತದೆ, ಅಪ್ಪನಿಗೆ ಗೊತ್ತಾಗುತ್ತದೆ, ಪೊಲೀಸರು ಬರುತ್ತಾರೆ ಎಂದೆಲ್ಲ ಎಣಿಸುತ್ತಿದ್ದೆ. ಮಾಲೀಕರು ನೆಲ ನೋಡುತ್ತಿದ್ದರು. ಯಾರೂ ನನ್ನನ್ನು ಕೇಳಲಿಲ್ಲ, ನಾನು ಹೇಳಲಿಲ್ಲ.

ಆ ಕಣ್ಣು ಮತ್ತೆ ಬರಲಿಲ್ಲ. ಅವರನ್ನು ಕೆಲಸದಿಂದ ಬಿಡಿಸಿದರು. ಷೆಡ್ಡು ಮುಚ್ಚಿತು. ನಾನು ಕಾಲೇಜಿನಲ್ಲಿ ಮೇಡಂ ಆದೆ. ಹನಕೆರೆಯ ಮೇಲೆ ರೈಲು ಹಾದುಹೋಗುವಾಗೆಲ್ಲ ಅವರ ಊರು ಕಾಣುವ ಕಿಟಕಿ ಬಿಟ್ಟು ಆ ಕಡೆ ಕೂರುತ್ತಿದ್ದೆ.

ಅವರು ತೀರಿಕೊಂಡ ಹದಿನೈದನೆಯ ದಿನಕ್ಕೆ ಹನಕೆರೆಯಲ್ಲಿ ಇಳಿದೆ. ಅವರ ಹೆಂಡತಿ ಜಗಲಿಯಲ್ಲಿ ಹುರುಳಿ ಆರಿಸುತ್ತಾ ಕೂತಿದ್ದರು. ಮದ್ದೂರಿನಲ್ಲಿ ಅವರ ಜೊತೆ ಕೆಲಸಕ್ಕಿದ್ದವಳು ಎಂದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

“ಅವತ್ತು ಒಳಗಿದ್ದೋಳು ನೀನೇನಾ? ಬಾ, ಕುಂತ್ಕೋ. ನಿನ್ ವಿಷ್ಯನೇ ಕಣವ್ವ ಆಡೋರು ಕೊನೆಗಂಟ. ಒಂದು ಮಾತು ನಿಂಗೆ ಗೊತ್ತಿರ್ನಾರ್ದು. ಅವ್ರು ಮೊದ್ಲು ಬಾಗ್ಲುತಾವ ಬಂದು ನೋಡಿ, ಓಡೋಗ್ಬುಟ್ಟಿದ್ರಂತೆ.”

ನನಗೆ ಅರ್ಥವಾಗಲಿಲ್ಲ.

“ರಸ್ತೆಗೆ ಓಡೋದ್ರಂತೆ. ಮದ್ದೂರ್ ಬಸ್ಸು ನಿಂತಿತ್ತಂತೆ. ಮೆಟ್ಲ ಮ್ಯಾಲೆ ಕಾಲಿಟ್ಬುಟ್ಟಿದ್ರಂತೆ, ಕಂಡಕ್ಟ್ರು ರೈಟ್ ಅಂದ್ನಂತೆ. ಆಮೇಲೆ ಇಳ್ದು ಬಂದ್ರಂತೆ. ‘ನಾನು ಓಡೋದೋನು ಕಣೇ, ನನ್ನ ಒಳ್ಳೇವ್ನು ಅನ್ಬೇಡ’ ಅನ್ನೋರು.”

ಅವತ್ತು ನಾನು ಅವರನ್ನು ಬಾಗಿಲಲ್ಲಿ ಒಮ್ಮೆ ಮಾತ್ರ ನೋಡಿದ್ದೆ. ಅದಕ್ಕೆ ಮುಂಚೆ ಬಂದು ಹೋಗಿದ್ದು ನನಗೆ ಗೊತ್ತೇ ಇರಲಿಲ್ಲ. ಅಷ್ಟು ಹೆದರಿದವರು ಆ ಬಸ್ಸಿನ ಮೆಟ್ಟಿಲಿಂದ ಕಾಲು ಕೆಳಗಿಟ್ಟು ಬಂದಿದ್ದರು. ಆ ಮಾತಿನ ಬಲದಲ್ಲೇ ಹೇಳಿಬಿಟ್ಟೆ. ಕರೆಂಟು ಕೊಡಬೇಡ ಎಂದು ಅವರು ಹೇಳಿಹೋದದ್ದು, ನಾನು ಕೊಟ್ಟದ್ದು, ಎಲ್ಲ.

ಹುರುಳಿ ಆರಿಸುತ್ತಿದ್ದ ಕೈ ಮೊರದೊಳಗೆ ನಿಂತಿತು.

“ಅವ್ರಿಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ನಂಗೇಳ್ನಿಲ್ಲ. ಊರೋರೆಲ್ಲ ಇವ್ರೇ ಮೈಮರ್ತು ಕಾಯ್ಸಿ ಕಣ್ಣು ಕಳ್ಕಂಡ್ರು ಅಂದ್ರು. ಒಂಟಿಗಣ್ಣು ಅಂತ ಆಡ್ಕಂಡ್ರು. ನಾನೂ ಅಂದಿವ್ನಿ. ಉಣ್ಣೋಕೆ ಇಕ್ಕಿ ಅಂದಿವ್ನಿ. ತಲೆ ಬಗ್ಗಿಸ್ಕಂಡು ಉಣ್ಣೋರು. ಒಂದಿನಾನೂ ನಂದಲ್ಲ ಅನ್ನಿಲ್ಲ.”

“ಅಮ್ಮ...”

“ಅವ್ರು ಇದ್ದಾಗ ಬಂದು ಏಳ್ಬೇಕಾಗಿತ್ತು ಕಣವ್ವ.”

ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು. ಮೊರ ಪಕ್ಕಕ್ಕಿಟ್ಟು, ಮಂಡಿಗೆ ಕೈಯೂರಿ ಎದ್ದರು. ಸೆರಗು ಸರಿಮಾಡಿಕೊಂಡರು.

“ಕುಂತಿರು. ಅವ್ರ ತಮ್ಮ ಅವ್ರೆ, ಅಕ್ಕಪಕ್ಕದೋರು ಅವ್ರೆ. ಕರ್ಕಂಡು ಬತ್ತೀನಿ. ನಂಗೇಳುದ್ನ ಅವ್ರ ಮುಂದೂ ಏಳು.”

ಬೀದಿಯಲ್ಲಿ ಅವರು ಹೋದದ್ದನ್ನು ನೋಡುತ್ತಾ ಕೂತೆ. ಮಂಡ್ಯ ಕಡೆಯ ರೈಲಿಗೆ ಇನ್ನು ಇಪ್ಪತ್ತು ನಿಮಿಷವಿತ್ತು. ಸ್ಟೇಷನ್ನಿಗೆ ಐದು ನಿಮಿಷದ ದಾರಿ. ಬ್ಯಾಗು ತೊಡೆಯ ಮೇಲಿತ್ತು. ಕಾಲುಗಳು ತಾವಾಗಿಯೇ ಚಪ್ಪಲಿಯೊಳಗೆ ತೂರಿಕೊಳ್ಳುತ್ತಿದ್ದವು. ಬೀದಿಯ ತಿರುವಿನಲ್ಲಿ ಮೊದಲು ಅವರ ಹೆಂಡತಿ ಕಾಣಿಸಿದರು, ಅವರ ಹಿಂದೆ ಏಳೆಂಟು ಜನ, ಹೆಗಲ ಮೇಲೆ ಟವಲು ಹಾಕಿಕೊಂಡ ಒಬ್ಬ ಮುದುಕರು. ಸರ್ ತಮ್ಮನೇ ಇರಬೇಕು, ಅದೇ ಮೂಗು.

ಜಗಲಿಯ ಮುಂದೆ ಬಂದು ನಿಂತರು. ನಾನು ಬ್ಯಾಗು ಪಕ್ಕಕ್ಕಿಟ್ಟು ಎದ್ದು ನಿಂತೆ.

“ಅವತ್ತು ತೊಟ್ಟಿಗೆ ಕರೆಂಟು ಕೊಟ್ಟವಳು ನಾನು,” ಎಂದು ಶುರುಮಾಡಿದೆ.